ಗಾಳಿಮಳೆಗೆ ಮುಂಚೆ ತಾರಸಿ ತೋಟಕ್ಕೆ ಏನು ಮಾಡಬೇಕು?

ತಾರಸಿಬಳ್ಳಿ (ವಿಜಯನಗರ, ಬೆಂಗಳೂರು):
30x40 ಸೈಟು, ಎರಡನೇ ಮಹಡಿ ಮೇಲೆ ಸುಮಾರು 1000 ಚದರ ಅಡಿ ತಾರಸಿ. 12 ಮತ್ತು 18 ಇಂಚಿನ ಗ್ರೋ ಬ್ಯಾಗುಗಳಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ. ಕಬ್ಬಿಣದ ಪೈಪಿನ ಚಪ್ಪರದ ಮೇಲೆ ಹಾಗಲ, ಪಕ್ಕದಲ್ಲಿ 50% ಶೇಡ್ ನೆಟ್ (ಅರ್ಧ ಬಿಸಿಲು ತಡೆಯೋ ನೆರಳು ಬಲೆ). ಕೆಳಗೆ ಗೇಟಿನ ಒಳಗೆ ಪಪ್ಪಾಯ, ಗೊನೆ ಬಿಟ್ಟ ಬಾಳೆ, 15 ಅಡಿ ನುಗ್ಗೆ. ಜೋರು ಮಳೆ ಬಂದರೆ ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತೆ. ಬ್ಯಾಗಿಗೆ ಪ್ಲಾಸ್ಟಿಕ್ ಹೊದಿಸಿದರೆ ಸಾಕಾ? ಈ ಶನಿವಾರ, ಭಾನುವಾರ ಬಿಡುವಿದೆ. ಯಾವುದು ಮೊದಲು?

ಮಣ್ಣುಮಸಿ:
ಗಿಡ ಆಮೇಲೆ, ಮೊದಲು ನೀರು ಹೋಗೋ ದಾರಿ ನೋಡಿ. ಒಂದು ಚದರ ಮೀಟರಿಗೆ 1 ಮಿಮೀ ಮಳೆ ಅಂದ್ರೆ 1 ಲೀಟರ್. ನಿಮ್ಮದು 93 ಚದರ ಮೀಟರ್; 40 ಮಿಮೀ ಸುರಿದರೆ 3,700 ಲೀಟರ್ ಆಯ್ತು. 4 ಇಂಚಿನ ಪೈಪು ಶುದ್ಧವಾಗಿದ್ರೆ ಅದನ್ನು ಇಳಿಸುತ್ತೆ. ಪಾದ ಮುಳುಗುತ್ತೆ ಅಂದ್ರೆ ಕಟ್ಟಿರೋದು ಪೈಪಿನ ಬಾಯಲ್ಲೇ: ಚಪ್ಪಟೆ ಜಾಲರಿ, ಅದರ ಮೇಲೆ ಒಂದು ಹಿಡಿ ಎಲೆ, ಬ್ಯಾಗಿನಿಂದ ತೊಳೆದು ಬಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ತೇಲಿ ಬಂದ ಕೊಕೊಪೀಟ್ ಜಾಲರಿ ಮೇಲೆ ಕಂಬಳಿ ಹಾಸಿದ ಹಾಗೆ ಕೂರುತ್ತೆ.

ಚಪ್ಪಟೆ ಜಾಲರಿ ತೆಗೆದು ಗುಮ್ಮಟದಂಥದ್ದು ಹಾಕಿ. ಸಿಗದಿದ್ರೆ ಕೋಳಿ ಜಾಲರಿಯನ್ನು 6 ಇಂಚು ಎತ್ತರದ ಟೋಪಿಯಂತೆ ಬಗ್ಗಿಸಿ ಕೂರಿಸಿ. ತಳ ಕಟ್ಟಿದರೂ ಮೇಲಿನ ಭಾಗದಿಂದ ನೀರು ಹೋಗುತ್ತೆ. ಬಾಯಿಯ ಸುತ್ತ 3 ಅಡಿ ಯಾವ ಬ್ಯಾಗೂ ಬೇಡ. ನಂತರ ದೂರದ ಮೂಲೆಯಲ್ಲಿ ನಾಲ್ಕು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತೆ ನೋಡಿ. ಕೆಳಗೆ ಆ ಪೈಪು ಒಳಚರಂಡಿ ಚೇಂಬರಿಗೆ ಸೇರಿದೆಯಾ ಅಂತಾನೂ ನೋಡಿ. ಸೇರಿದ್ರೆ ಬಿಡಿಸಿ, ಇಂಗುಗುಂಡಿಗೋ ಮಳೆನೀರಿನ ಮೋರಿಗೋ ತಿರುಗಿಸಿ. ಇಲ್ಲಾಂದ್ರೆ ನೆಲಮಹಡಿಯ ಬಚ್ಚಲಲ್ಲಿ ಕೊಳಚೆ ಉಕ್ಕುತ್ತೆ.

ಇನ್ನು ಭಾರ. ತುಂಬಿದ 18 ಇಂಚಿನ ಬ್ಯಾಗು ನೆನೆದಾಗ 80 ಕೆಜಿ ದಾಟಬಹುದು. ತಾರಸಿಯ ನಡುವೆ ಗುಂಪಾಗಿ ಇಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರೋ ಕಡೆ ಸಾಲಾಗಿ ಇಡಿ. ಪ್ಯಾರಪೆಟ್ ಮೇಲೆ ಕುಂಡ ಇದ್ರೆ ಇವತ್ತೇ ಇಳಿಸಿ, ಅದರಲ್ಲಿ ಚರ್ಚೆ ಇಲ್ಲ.

ಗಾಳಿಕಂಬ:
ಇಲ್ಲಿ ಏಪ್ರಿಲ್, ಮೇ ಗುಡುಗುಮಳೆಯಲ್ಲಿ ಹಾನಿ ಮಾಡೋದು ಹೆಚ್ಚಾಗಿ ಗಾಳಿ, ಅದೂ ಮಳೆ ಶುರುವಾಗೋ ಮುಂಚಿನ ಹತ್ತು ನಿಮಿಷ. ಶೇಡ್ ನೆಟ್ ಬಿಚ್ಚಿಡಿ ಸರ್. 50% ಅಂದ್ರೂ ಗಾಳಿ ತುಂಬಿಕೊಂಡಾಗ ಹಾಯಿಯಂತೆ ಎಳೆದು ಚಪ್ಪರವನ್ನೇ ಕೀಳುತ್ತೆ.

ನುಗ್ಗೆಯನ್ನು 4 ಅಡಿಗೆ ಕಡಿಯಿರಿ. ಅದರ ಮರ ಮೆದು, 15 ಅಡಿ ಅಂದ್ರೆ ಗಾಳಿಗೆ ಸುಲಭವಾಗಿ ಮುರಿಯುತ್ತೆ. ಓರೆಯಾಗಿ ಕೊಯ್ದು ತುದಿಗೆ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಬಳಿಯಿರಿ, ಕೊಯ್ದ ಜಾಗ ಕೊಳೆಯೋದು ತಪ್ಪುತ್ತೆ. ಬಾಳೆ ಬಾಗೋದು ಗೊನೆ ಇರೋ ಕಡೆಗೆ. ಆ ಕಡೆ ಎರಡು ಬಿದಿರು ಗಳುಗಳನ್ನು ಕತ್ತರಿಯಂತೆ ಕಟ್ಟಿ ಆನಿಸಿ. ಒಂದೇ ಗಳು ಜಾರುತ್ತೆ. ಪಪ್ಪಾಯದ ಬುಡಕ್ಕೆ ಬೇಸಿಗೆಯಲ್ಲಿ ಮಾಡಿದ ಪಾತಿ ಒಡೆದು, ಮಣ್ಣನ್ನು ಹೊರಗೆ ಇಳಿಜಾರು ಮಾಡಿ, 6 ಇಂಚು ಆಳದ ಕಾಲುವೆ ತೆಗೀರಿ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಕೊಳೆತು ಬೀಳೋ ಗಿಡ ಅದು.

ರಸ್ತೆ ಬದಿ ಮರದ ಕೊಂಬೆ ನಿಮ್ಮ ಕಡೆ ಬಾಗಿದ್ರೆ ನೀವೇ ಕಡಿಯೋ ಹಾಗಿಲ್ಲ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಬೇಕು. ಕರೆಂಟ್ ತಂತಿ ಮೇಲೆ ಬಿದ್ದ ಕೊಂಬೆ ಮುಟ್ಟಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ತಾರಸಿಬಳ್ಳಿ:
ನೆಟ್ ದಿನಾ ಬಿಚ್ಚಿ ಕಟ್ಟೋದು ಕಷ್ಟ, ಬಿಸಿಲೂ ಇದೆಯಲ್ಲ. ಬ್ಯಾಗಿನ ತಳಕ್ಕೆ ಜಲ್ಲಿ ಹಾಕಬೇಕಾ?

ಎಲೆಚುಕ್ಕೆ:
ನೆಟ್ ವಿಷಯದಲ್ಲಿ ಗಾಳಿಕಂಬ ಅವರ ಮಾತು ಪೂರ್ತಿ ಒಪ್ಪಲ್ಲ. ಮೂರು ಬದಿ ಗಟ್ಟಿ ಕಟ್ಟಿ ಒಂದು ಬದಿಗೆ ಮಾತ್ರ ತೆಳು ಸುತಲಿ ಹಾಕಿ. ಜೋರು ಗಾಳಿಗೆ ಸುತಲಿ ಹರಿದು ಬಲೆ ಸಡಿಲ ಆಗುತ್ತೆ, ಪೈಪು ಉಳಿಯುತ್ತೆ. ನೈಲಾನ್ ದಾರ ಮಾತ್ರ ಆ ಬದಿಗೆ ಬೇಡ.

ಜಲ್ಲಿ ಬೇಡ. ಜಲ್ಲಿ ಹಾಕಿದ್ರೆ ಒದ್ದೆ ನಿಲ್ಲೋ ಪದರ ಇನ್ನೂ ಮೇಲೆ, ಬೇರಿನ ಹತ್ತಿರ ಬರುತ್ತೆ ಅಷ್ಟೆ. ತೂತಿನ ಮೇಲೆ ಬಲೆಯ ತುಂಡು ಇಟ್ಟರೆ ಸಾಕು. ಪ್ರತಿ ಬ್ಯಾಗಿಗೂ ಬೆರಳು ಗಾತ್ರದ ನಾಲ್ಕೈದು ತೂತು ಇರಲಿ, ಎರಡು ಇಟ್ಟಿಗೆ ಮೇಲೆ ಎತ್ತಿಡಿ, ತಟ್ಟೆ ತೆಗೀರಿ. ಪ್ಲಾಸ್ಟಿಕ್ ಹೊದಿಕೆ ಒಂದು ರಾತ್ರಿಗೆ ಸರಿ. ದಿನಗಟ್ಟಲೆ ಇದ್ರೆ ಒಳಗೆ ಬೆವರಿ ಬುಡ ಕೊಳೆಯುತ್ತೆ. ಒಣ ಎಲೆಯನ್ನು 2 ಇಂಚು ಹಾಸಿ, ಕಾಂಡಕ್ಕೆ ತಾಗದ ಹಾಗೆ. ಮಣ್ಣು ಸಿಡಿದು ಎಲೆಗೆ ತಾಗದಿದ್ರೆ ಟೊಮೆಟೊಗೆ ಅಂಗಮಾರಿ ರೋಗ ಕಡಿಮೆಯೇ. ಬ್ಯಾಗಿನ ಮಣ್ಣಿನಿಂದ ಒಂದು ಅಡಿವರೆಗಿನ ಎಲೆ ಚಿವುಟಿ, ಕೋಲಿಗೆ ಹಳೇ ಪಂಚೆಯ ಪಟ್ಟಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

ಮಳೆಗೆ ಮುಂಚೆ ಯೂರಿಯಾ ಹಾಕಿದರೆ ಅದು ಮೋರಿಗೇ ಹೋಗುತ್ತೆ. ಮಳೆ ಬಿಟ್ಟ ಮೇಲೆ ಎಲೆ ಹಳದಿ ಆದರೆ ಬ್ಯಾಗಿಗೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಎಲೆ ಮೇಲೆ ಚುಕ್ಕೆ ಕಂಡ್ರೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ, ಸಿಂಪಡಿಸಿದ ಮೇಲೆ ನಾಲ್ಕೈದು ಗಂಟೆಯಾದ್ರೂ ಮಳೆ ಬರಬಾರದು. ಟ್ರೈಕೋಡರ್ಮಾ (ಬೇರಿನ ರೋಗ ತಡೆಯೋ ಒಳ್ಳೇ ಶಿಲೀಂಧ್ರ) ಹಾಕಿದ ಬ್ಯಾಗಿನ ಮಣ್ಣಿಗೆ ಈ ತಾಮ್ರದ ಔಷಧಿ ಸುರಿಯಬೇಡಿ, ಆ ಒಳ್ಳೇ ಶಿಲೀಂಧ್ರಕ್ಕೂ ಹಾನಿ ಆಗಬಹುದು.