ಡಿಸ್ಟ್ರಿಕ್ಟ್ ವೆಬ್‌ಸೈಟಿನ ಕರಿಕ್ಯುಲಮ್ ಡೇಟಾಬೇಸ್ ಓದೋದು ಹೇಗೆ?

ಹೊಸ ಊರಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಇನ್ನೂ ಜಾಸ್ತಿ ದಿನ ಆಗಿಲ್ಲ. ಮಗಳು ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು. ಮನೆಗೆ ಪಠ್ಯಪುಸ್ತಕ ಅಂತ ಒಂದೂ ಬರುವುದಿಲ್ಲ, ಆಗಾಗ ಒಂದೆರಡು ಹಾಳೆ ಬರುತ್ತದೆ ಅಷ್ಟೇ. ಟೀಚರ್‌ಗೆ ಈಮೇಲ್ ಮಾಡಿ ಕೇಳಿದೆ. ಕರಿಕ್ಯುಲಮ್ ಎಲ್ಲಾ ಸ್ಕೂಲ್ ಡಿಸ್ಟ್ರಿಕ್ಟಿನ (ಇಲ್ಲಿನ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸಂಸ್ಥೆ) ವೆಬ್‌ಸೈಟಿನಲ್ಲಿದೆ ಅಂತ ಲಿಂಕ್ ಕಳಿಸಿದರು. ಗಣಿತ, ನಾಲ್ಕನೇ ಗ್ರೇಡ್ ಅಂತ ಒತ್ತಿದರೆ ಸೆಪ್ಟೆಂಬರಿನಿಂದ ಜೂನ್‌ವರೆಗೆ ಬಣ್ಣ ಬಣ್ಣದ ಪಟ್ಟಿಗಳು. ಒಂದು ಪಟ್ಟಿ ಒತ್ತಿದರೆ ಉದ್ದಾನುದ್ದ ಪುಟ, ಅದರಲ್ಲಿ ಎಸೆನ್ಷಿಯಲ್ ಕ್ವೆಶ್ಚನ್ಸ್, ಎಂಡ್ಯೂರಿಂಗ್ ಅಂಡರ್‌ಸ್ಟ್ಯಾಂಡಿಂಗ್ಸ್, ಆಮೇಲೆ 4.ಎನ್‌ಎಫ್.ಎ.1 ತರಹದ ಕೋಡುಗಳು. ಪಾಠ ಎಲ್ಲಿದೆ, ಲೆಕ್ಕ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಮುಂದಿನ ತಿಂಗಳು ಏನು ಬರುತ್ತದೆ, ಮನೆಯಲ್ಲಿ ಏನು ಹೇಳಿಕೊಡಬೇಕು, ಇಷ್ಟು ತಿಳಿದರೆ ಸಾಕು ನನಗೆ.

ಇನ್ನೊಂದು. ಭಾಗಾಕಾರವನ್ನು ನಮ್ಮ ಹಾಗೆ ಮಾಡಿಸುತ್ತಲೇ ಇಲ್ಲ, ಅವಳು ಚೌಕ ಬರೆದುಕೊಂಡು ಏನೇನೋ ಮಾಡುತ್ತಾಳೆ. ಡೇಟಾಬೇಸಿನಲ್ಲಿ ಹುಡುಕಿದರೂ ನಾಲ್ಕನೇ ಗ್ರೇಡಿನಲ್ಲಿ ಅದು ಸಿಗಲಿಲ್ಲ. ಇವರು ಹೇಳಿಕೊಡೋದೇ ಇಲ್ವಾ?

ಗಣಿತದ ಮೇಡಂ:
ನಾನು ಇಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅಂಥ ಪುಟಗಳನ್ನು ಬೇಸಿಗೆ ರಜೆಯಲ್ಲಿ ಕೂತು ತುಂಬುವವರಲ್ಲಿ ನಾನೂ ಒಬ್ಬಳು. ಅದನ್ನು ಬರೆಯುವುದು ಟೀಚರ್‌ಗಳಿಗಾಗಿ, ಪೋಷಕರಿಗೆ ಆಮೇಲೆ ತೆರೆದಿಟ್ಟಿರುತ್ತಾರೆ, ಹಾಗಾಗಿ ನಿಮಗೆ ತಲೆಬುಡ ಗೊತ್ತಾಗದೇ ಇದ್ದರೆ ಆಶ್ಚರ್ಯ ಇಲ್ಲ. ಮೇಲಿನ ಎಸೆನ್ಷಿಯಲ್ ಕ್ವೆಶ್ಚನ್ಸ್ ಇತ್ಯಾದಿಯನ್ನು ಸುಮ್ನೆ ದಾಟಿಬಿಡಿ. ನಾವೇ ಅದನ್ನು ಮತ್ತೆ ತೆರೆದು ನೋಡುವುದು ಅಪರೂಪ.

ನಿಮಗೆ ಬೇಕಾದದ್ದು ಆ ಕೋಡುಗಳೇ. ಅವು ಕಾಮನ್ ಕೋರ್ ಸ್ಟ್ಯಾಂಡರ್ಡ್‌ಗಳು, ಅಂದರೆ ಯಾವ ಗ್ರೇಡಿನಲ್ಲಿ ಮಕ್ಕಳು ಏನು ಕಲಿತಿರಬೇಕು ಅಂತ ಬಹಳ ರಾಜ್ಯಗಳು ಒಪ್ಪಿಕೊಂಡ ಪಟ್ಟಿ, 2010ರಲ್ಲಿ ಬಂದವು. ಮೊದಲ ಅಂಕಿ ಗ್ರೇಡು. ಎನ್‌ಎಫ್ ಅಂದರೆ ಭಿನ್ನರಾಶಿ, ಎನ್‌ಬಿಟಿ ಅಂದರೆ ಸ್ಥಾನಬೆಲೆ ಮತ್ತು ಹತ್ತರ ಲೆಕ್ಕ, ಓಎ ಅಂದರೆ ಕೂಡು-ಕಳೆ-ಗುಣಿಸು-ಭಾಗಿಸು, ಎಂಡಿ ಅಳತೆ, ಜಿ ರೇಖಾಗಣಿತ. ಉಳಿದ ಅಕ್ಷರ, ಅಂಕಿ ಬರೀ ಉಪವಿಭಾಗ. ನೀವು ಬರೆದ 4.ಎನ್‌ಎಫ್.ಎ.1 ಸಮಾನ ಭಿನ್ನರಾಶಿ: 1/2, 2/4, 4/8 ಎಲ್ಲಾ ಒಂದೇ ಅಂತ ಹೇಳಿದರೆ ಸಾಲದು, ಯಾಕೆ ಒಂದೇ ಅಂತ ಚಿತ್ರ ಬರೆದು ತೋರಿಸಬೇಕು. ನಾಲ್ಕನೇ ಗ್ರೇಡಿನಲ್ಲಿ ಛೇದ 2, 3, 4, 5, 6, 8, 10, 12, 100 ಇಷ್ಟೇ ಇರುತ್ತದೆ. ಮನೆಯಲ್ಲಿ 7/13 ಕೊಟ್ಟು ಗೋಳು ಹುಯ್ದುಕೊಳ್ಳಬೇಡಿ.

ಅದೇ ಪುಟದಲ್ಲಿ ವೊಕ್ಯಾಬುಲರಿ ಅಂತ ಪಾಠದ ಇಂಗ್ಲಿಷ್ ಪದಗಳ ಒಂದು ಪಟ್ಟಿ ಇದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಭಾರತದಿಂದ ಬಂದ ಮಕ್ಕಳಿಗೆ ಲೆಕ್ಕ ಬರುತ್ತದೆ, ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಅಂತ ಗೊತ್ತಾಗುವುದಿಲ್ಲ. ನಾನು ಹೆಚ್ಚು ನೋಡುವ ತೊಂದರೆ ಇದೇ.

ಭಾಗಾಕಾರ ಇದೆ, 4.ಎನ್‌ಬಿಟಿ.ಬಿ.6 ನೋಡಿ. ನಾಲ್ಕಂಕಿಯವರೆಗಿನ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು, ಆದರೆ ಸ್ಥಾನಬೆಲೆ ಉಪಯೋಗಿಸಿ. ನಿಮ್ಮ ಮಗಳ ಚೌಕ ಅದೇ. 156ನ್ನು 6ರಿಂದ ಭಾಗಿಸಬೇಕು ಅಂದುಕೊಳ್ಳಿ. ಒಂದು ಚೌಕದಲ್ಲಿ 120 ಬರೆಯುತ್ತಾಳೆ, ಅದರ ಮೇಲೆ 20. ಉಳಿದ 36 ಪಕ್ಕದ ಚೌಕಕ್ಕೆ, ಮೇಲೆ 6. ಮೇಲಿನ ಎರಡೂ ಕೂಡಿದರೆ 26. ನಾವು ಕಲಿತ ಉದ್ದದ ಭಾಗಾಕಾರವನ್ನು ಸರಾಗವಾಗಿ ಮಾಡಬೇಕು ಅಂತ ಬರುವುದು ಆರನೇ ಗ್ರೇಡಿನಲ್ಲಿ, 6.ಎನ್‌ಎಸ್.ಬಿ.2. ಅದಕ್ಕೇ ನಿಮಗೆ ಸಿಕ್ಕಿಲ್ಲ.

ಟೆಕ್ಸಾಸ್ ಕನ್ನಡಿಗ:
ಒಂದು ಎಚ್ಚರಿಕೆ. ಮೇಡಂ ಹೇಳಿದ್ದು ಎಲ್ಲಾ ರಾಜ್ಯಕ್ಕೂ ಅನ್ವಯಿಸುವುದಿಲ್ಲ. ಟೆಕ್ಸಾಸ್, ವರ್ಜೀನಿಯಾ ಕಾಮನ್ ಕೋರ್ ತೆಗೆದುಕೊಳ್ಳಲೇ ಇಲ್ಲ. ನಮ್ಮಲ್ಲಿ ಟೀಕ್ಸ್ ಅಂತ ಬೇರೆಯೇ ಸ್ಟ್ಯಾಂಡರ್ಡ್, ಕೋಡು 4.4(ಎಫ್) ಹೀಗಿರುತ್ತದೆ, ಅದರಲ್ಲಿ ನಾಲ್ಕನೇ ಗ್ರೇಡಿಗೇ ಮಾಮೂಲಿ ಭಾಗಾಕಾರದ ಕ್ರಮವೂ ಸೇರಿದೆ. ಕೆಲವು ರಾಜ್ಯಗಳು ಕಾಮನ್ ಕೋರ್ ಅನ್ನೇ ಸ್ವಲ್ಪ ತಿದ್ದಿ ಬೇರೆ ಹೆಸರಿಟ್ಟುಕೊಂಡಿವೆ. ರಾಜ್ಯ ಬದಲಾಯಿಸುವ ಯೋಚನೆ ಇರುವವರು ಎರಡೂ ಕಡೆಯ ಡೇಟಾಬೇಸ್ ಪಕ್ಕ ಪಕ್ಕ ತೆರೆದು ನೋಡಿ.

ಇಬ್ಬರ ಅಪ್ಪ:
ಮೇಡಂ ಹೇಳಿದ್ದು ಸರಿ, ಆದರೆ ಆ ಕ್ಯಾಲೆಂಡರ್ ಪಟ್ಟಿಯನ್ನು ಜಾಸ್ತಿ ನಂಬಬೇಡಿ. ಅದು ಯೋಜನೆ ಅಷ್ಟೇ. ಹಿಮ ಬಿದ್ದು ರಜೆ ಕೊಟ್ಟರೆ, ಟೆಸ್ಟ್ ವಾರ ಬಂದರೆ ಎಲ್ಲಾ ಹಿಂದೆ ಬೀಳುತ್ತದೆ. ಪುಟದ ಕೆಳಗಡೆ ಕೊನೆಯ ಸಲ ತಿದ್ದಿದ ದಿನಾಂಕ ಇರುತ್ತದೆ, ಮೊದಲು ಅದನ್ನು ನೋಡಿ. ನಮ್ಮ ಡಿಸ್ಟ್ರಿಕ್ಟಿನಲ್ಲಿ ಗಣಿತದ ಪ್ರೋಗ್ರಾಮ್ ಬದಲಾಗಿ ಕಾಲವಾಯಿತು, ಪುಟದಲ್ಲಿ ಇನ್ನೂ ಹಳೆಯ ಪುಸ್ತಕದ ಹೆಸರೇ ಇದೆ. ಯಾರಿಗೂ ಪುರುಸೊತ್ತಿಲ್ಲ.

ಆ ಬಣ್ಣದ ಪಟ್ಟಿ ಒಂದೊಂದೂ ಒಂದು ಯೂನಿಟ್, ಟೀಚರ್‌ಗೆ ಬರೆಯುವಾಗ ಅದರ ಹೆಸರು ಹಾಕಿ ಕೇಳಿ: ಭಿನ್ನರಾಶಿಯ ಯೂನಿಟ್ ಶುರುವಾಯಿತಾ, ಯಾವ ಪಾಠದಲ್ಲಿದ್ದೀರಿ ಅಂತ. ಸುಮ್ನೆ ಏನು ನಡೆಯುತ್ತಿದೆ ಅಂತ ಕೇಳಿದರೆ ಲಿಂಕ್ ಬರುತ್ತದೆ, ಹೀಗೆ ಕೇಳಿದರೆ ಉತ್ತರ ಬರುತ್ತದೆ.

ಹೊರಗಿನವರಿಗೆ ಕಾಣುವ ಪುಟದಲ್ಲಿ ಪಾಠದ ಹಾಳೆಗಳು ಸಾಮಾನ್ಯವಾಗಿ ಇರುವುದಿಲ್ಲ, ಅವು ಸ್ಟಾಫ್ ಲಾಗಿನ್ ಒಳಗಿರುತ್ತವೆ. ಬೇಕೇ ಬೇಕು ಅಂದರೆ ಕೇಳಬಹುದು. ಪಿಪಿಆರ್‌ಎ ಅಂತ ಫೆಡರಲ್ ಕಾಯ್ದೆ ಇದೆ, ಪಾಠಕ್ಕೆ ಬಳಸುವ ಸಾಮಗ್ರಿಯನ್ನು ನೋಡಲು ಪೋಷಕರಿಗೆ ಅವಕಾಶ ಕೊಡಬೇಕು. ಪರೀಕ್ಷೆ ಪತ್ರಿಕೆಗಳು ಅದರಲ್ಲಿ ಸೇರುವುದಿಲ್ಲ. ಮೊದಲ ಈಮೇಲಿನಲ್ಲೇ ಕಾಯ್ದೆ ಎತ್ತಬೇಡಿ ಮಾತ್ರ, ಒಳ್ಳೆ ಮಾತಿನಲ್ಲಿ ಕೇಳಿದರೆ ಬಹಳ ಟೀಚರ್‌ಗಳು ಹಾಗೇ ಕಳಿಸುತ್ತಾರೆ.

ಹೊಸ ಊರಿನ ಅಮ್ಮ:
ಅಯ್ಯೋ ಎಷ್ಟು ಉಪಕಾರ! ನಮ್ಮದು ಟೆಕ್ಸಾಸ್ ಅಲ್ಲ, ಕೋಡು ಮೇಡಂ ಹೇಳಿದ ಹಾಗೇ ಇದೆ. ಈಗ ಓದಿದರೆ ಮುಂದಿನ ಎರಡು ಪಟ್ಟಿಯೂ ಭಿನ್ನರಾಶಿಯೇ. ಆದರೆ ಮಗ್ಗಿ ಎಲ್ಲೂ ಕಾಣಲಿಲ್ಲ. ಮತ್ತೆ, ನಾನು ಈಗಲೇ ಉದ್ದದ ಭಾಗಾಕಾರ ಹೇಳಿಕೊಟ್ಟರೆ ತಪ್ಪಾ?

ಗಣಿತದ ಮೇಡಂ:
ಮಗ್ಗಿ ಮೂರನೇ ಗ್ರೇಡಿನ ಪುಟದಲ್ಲಿದೆ, 3.ಓಎ.ಸಿ.7. ಒಂದಂಕಿಯ ಗುಣಾಕಾರವೆಲ್ಲ ಆ ವರ್ಷದ ಕೊನೆಗೆ ಬಾಯಿಗೆ ಬಂದಿರಬೇಕು ಅಂತಲೇ ಬರೆದಿದೆ. ಹಿಂದಿನ ಗ್ರೇಡನ್ನೂ ತೆರೆದು ನೋಡಿ, ಅಲ್ಲಿ ಬಿಟ್ಟುಹೋದದ್ದು ಏನಾದರೂ ಇದ್ದರೆ ಮೊದಲು ಅದನ್ನು ಮುಗಿಸಿ. ಉದ್ದದ ಭಾಗಾಕಾರ ಹೇಳಿಕೊಟ್ಟರೆ ತಪ್ಪೇನಿಲ್ಲ, ಆದರೆ ಚೌಕದ ಕ್ರಮ ಗಟ್ಟಿಯಾದ ಮೇಲೆ. ಟೆಸ್ಟಿನಲ್ಲಿ ಹೇಗೆ ಮಾಡಿದೆ ತೋರಿಸು ಅಂತ ಕೇಳುತ್ತಾರೆ, ಬರೀ ಉತ್ತರಕ್ಕೆ ಪೂರ್ತಿ ಅಂಕ ಸಿಗದೇ ಇರಬಹುದು.

ಇಬ್ಬರ ಅಪ್ಪ:
ನಾನಂತೂ ಮೊದಲೇ ಹೇಳಿಕೊಟ್ಟುಬಿಟ್ಟೆ, ದೊಡ್ಡವನು ಎರಡೂ ಮಾಡುತ್ತಾನೆ, ಏನೂ ತೊಂದರೆ ಆಗಲಿಲ್ಲ. ಮಗು ನೋಡಿಕೊಂಡು ಮಾಡಿ.