ನಡುವೆ ನಿಂತ ಲಿಫ್ಟಿನ ಬಾಗಿಲನ್ನು ವಾಚ್‌ಮನ್ ತೆಗೆಯಬಹುದೇ?

ಮೂರನೇ ಮಹಡಿ: ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಈ ವಿಷಯಕ್ಕೆ ಎರಡು ಪಂಗಡ ಆಗಿದೆ. ನೆಲಮಹಡಿಯ ಮೇಲೆ 5 ಮಹಡಿ, 8 ಜನರ ಲಿಫ್ಟ್, 544 ಕೆಜಿ, ತಾರಸಿಯಲ್ಲಿ ಮಷಿನ್ ರೂಮ್. ಕರೆಂಟ್ ಹೋಗಿ ಲಿಫ್ಟ್ ಅರ್ಧದಲ್ಲಿ ನಿಂತರೆ ವಾಚ್‌ಮನ್ ತ್ರಿಕೋನದ ಕೀಲಿ ಹಾಕಿ ಬಾಗಿಲು ತೆಗೆದು ಜನರನ್ನು ಇಳಿಸಲಿ ಅಂತ ಕೆಲವರು. ಟೆಕ್ನಿಷಿಯನ್ ಬರುವವರೆಗೆ ಯಾರೂ ಕೈಹಾಕಬಾರದು ಅಂತ ಉಳಿದವರು. ಬಲ್ಲವರು ಹೇಳಿ.

ವೈರ್‌ಮನ್ ಹಾಸನ: ಕೀಲಿ ಕೊಡಲೇಬೇಕು. ಮಳೆಗಾಲದ ಸಂಜೆ ಟೆಕ್ನಿಷಿಯನ್ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಒಳಗಿರುವ ಸಕ್ಕರೆ ಕಾಯಿಲೆಯವರು, ಪುಟ್ಟ ಮಕ್ಕಳ ಗತಿ ಏನು?

ಶೀವ್: ಕಲಿಸದೆ ಬರೀ ಕೀಲಿ ಕೊಡುವುದು ಎಲ್ಲಕ್ಕಿಂತ ಅಪಾಯ. ಲಿಫ್ಟಿನ ನೆಲ ಮಹಡಿಗಿಂತ ನಾಲ್ಕಡಿ ಮೇಲೆ ನಿಂತಿದೆ ಅಂದುಕೊಳ್ಳಿ. ಹೊರಬಾಗಿಲು ತೆಗೆದರೆ ಮೇಲರ್ಧದಲ್ಲಿ ಕ್ಯಾಬಿನ್ ಕಾಣುತ್ತದೆ, ಕೆಳಗರ್ಧದಲ್ಲಿ ಖಾಲಿ ಶಾಫ್ಟ್, ಅಂದರೆ ಲಿಫ್ಟ್ ಓಡಾಡುವ ಬಾವಿ. ಆ ಸಂದನ್ನು ಮುಚ್ಚಲೆಂದೇ ಕ್ಯಾಬಿನ್ ಹೊಸ್ತಿಲ ಕೆಳಗೆ ಏಪ್ರನ್ ಎಂಬ ತಗಡು ಇರುತ್ತದೆ. ಅದರ ಉದ್ದ ಸುಮಾರು 75 ಸೆಂ.ಮೀ., ಹಳೆಯ ಲಿಫ್ಟುಗಳಲ್ಲಿ ಇನ್ನೂ ಗಿಡ್ಡ. ಒಳಗಿದ್ದವರು ಕಾಲು ಮುಂದೆ ಮಾಡಿ ಜಾರಿ ಇಳಿದಾಗ ಮೈ ಹಿಂದಕ್ಕೆ ವಾಲಿ ಏಪ್ರನ್ ಅಡಿಯಿಂದ ನೇರ ಪಿಟ್‌ಗೆ, ಅಂದರೆ ಶಾಫ್ಟಿನ ತಳದ ಗುಂಡಿಗೆ ಬೀಳುತ್ತಾರೆ. ನಿಂತ ಲಿಫ್ಟಿನಲ್ಲಿ ಜೀವ ಹೋಗುವುದು ಹೀಗೆ. ಒಳಗೆ ಸುಮ್ಮನೆ ಕೂತವರಿಗೆ ಏನೂ ಆಗುವುದಿಲ್ಲ.

ನೆಲಮಹಡಿ: ಏನೂ ಆಗಲ್ಲ ಅಂತ ಹೇಗೆ ಹೇಳ್ತೀರಿ ಸರ್? ಹಗ್ಗ ಕಡಿದರೆ? ಉಸಿರು ಕಟ್ಟಿದರೆ? ಸಿನಿಮಾದಲ್ಲಿ ಹೀರೋ ಚಾವಣಿಯ ಮುಚ್ಚಳ ತೆಗೆದು ಹೊರಗೆ ಬರ್ತಾನಲ್ಲ, ಅದು ಆಗುತ್ತಾ?

ಶೀವ್: ಒಂದೊಂದಾಗಿ ಹೇಳುತ್ತೇನೆ. ಕ್ಯಾಬಿನ್ ಗಾಳಿ ಆಡದ ಡಬ್ಬಿಯಲ್ಲ. ಮೇಲೆ ಕೆಳಗೆ ಗಾಳಿಕಿಂಡಿ, ಬಾಗಿಲ ಸುತ್ತ ಸಂದು ಇರುತ್ತದೆ. ಫ್ಯಾನ್ ನಿಂತರೆ ಸೆಕೆ ಆಗುತ್ತದೆ, ಉಸಿರು ಕಟ್ಟುವುದಿಲ್ಲ. ಚಾವಣಿಯ ಮುಚ್ಚಳ ಎಷ್ಟೋ ಲಿಫ್ಟುಗಳಲ್ಲಿ ಇರುವುದೇ ಇಲ್ಲ. ಇದ್ದರೂ ಅದು ಮೇಲಿನಿಂದ ಬರುವ ರಕ್ಷಣಾ ಸಿಬ್ಬಂದಿಗೆ.

ಹಗ್ಗ ಒಂದೇ ಅಲ್ಲ, ಮೂರು ನಾಲ್ಕು ಇರುತ್ತವೆ. ಎಲ್ಲ ಹೋದರೂ ವೇಗದ ಮೇಲೆ ಕಣ್ಣಿಡುವ ಗವರ್ನರ್ ಎಂಬ ಸಾಧನ ಇದೆ. ಕ್ಯಾಬಿನ್ ನಿಗದಿತ ವೇಗವನ್ನು ಮೀರಿ ಇಳಿದರೆ ಅದು ತನ್ನ ಪ್ರತ್ಯೇಕ ಹಗ್ಗವನ್ನು ಹಿಡಿದು ನಿಲ್ಲಿಸುತ್ತದೆ, ಆ ಎಳೆತಕ್ಕೆ ಕ್ಯಾಬಿನ್ ಅಡಿಯ ಸೇಫ್ಟಿ ಗೇರ್ ಎಂಬ ಹಿಡಿಕೆ, ಕ್ಯಾಬಿನ್ ಜಾರುವ ಕಂಬಿಯನ್ನು (ಗೈಡ್ ರೈಲ್) ಕಚ್ಚಿಕೊಳ್ಳುತ್ತದೆ. ಹಗ್ಗ ಹೋದರೂ ಕ್ಯಾಬಿನ್ ಬೀಳದೆ ನಿಲ್ಲುವುದನ್ನು ಎಲಿಷಾ ಓಟಿಸ್ 1854ರಲ್ಲೇ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತೋರಿಸಿದ್ದರು. ಅಪವಾದ ಅಂದರೆ 1945ರ ಎಂಪೈರ್ ಸ್ಟೇಟ್ ಕಟ್ಟಡದ ಘಟನೆ. ಬಾಂಬರ್ ವಿಮಾನವೇ ಕಟ್ಟಡಕ್ಕೆ ನುಗ್ಗಿ ಹಗ್ಗಗಳು ತುಂಡಾದವು. ಆ ಲಿಫ್ಟಿನಲ್ಲಿದ್ದ ಬೆಟ್ಟಿ ಲೂ ಆಲಿವರ್ 75 ಮಹಡಿ ಕೆಳಗೆ ಬಿದ್ದೂ ಬದುಕಿದರು.

ವೈರ್‌ಮನ್ ಹಾಸನ: ಅದೆಲ್ಲ ಸರಿ. ನಾನು ಹೇಳಿದ್ದು ಬಾಗಿಲು ತೆಗೆದು ಜಿಗಿಸಿ ಅಂತಲ್ಲ, ಲಿಫ್ಟನ್ನು ಮಹಡಿಗೆ ತಂದು ಇಳಿಸಿ ಅಂತ. ಇಬ್ಬರಿಗೆ ಕಲಿಸಿದರೆ ಹತ್ತು ನಿಮಿಷದ ಕೆಲಸ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕು. ಎಲ್ಲ ಮಹಡಿಯ ಬಾಗಿಲೂ ಮುಚ್ಚಿದೆಯಾ ನೋಡಬೇಕು. ಮಷಿನ್ ರೂಮಿನಲ್ಲಿ ಒಬ್ಬ ಮೋಟರಿನ ಹ್ಯಾಂಡ್ ವೀಲ್ ಗಟ್ಟಿಯಾಗಿ ಹಿಡಿಯಬೇಕು, ಇನ್ನೊಬ್ಬ ಬ್ರೇಕ್ ಬಿಡಿಸುವ ಲಿವರ್ ಒತ್ತಬೇಕು. ಒತ್ತು, ಬಿಡು, ಒತ್ತು, ಬಿಡು, ಹಾಗೆ ತುಸು ತುಸುವೇ. ಹಗ್ಗದ ಮೇಲಿನ ಬಣ್ಣದ ಗುರುತು ಮಷಿನ್ ಬೆಡ್ಡಿನ ಗುರುತಿಗೆ ಸೇರಿದರೆ ಮಹಡಿ ಸಮ ಬಂತು ಅಂತ. ಆಮೇಲೆ ಕೀಲಿ.

ಶೀವ್: ಈ ಕ್ರಮಕ್ಕೆ ನನ್ನ ತಕರಾರಿಲ್ಲ, ಆದರೆ ಮುಖ್ಯವಾದ ಒಂದು ಬಿಟ್ಟುಹೋಗಿದೆ. ಎಆರ್‌ಡಿ, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಲಿಫ್ಟನ್ನು ಹತ್ತಿರದ ಮಹಡಿಗೆ ತರುವ ಸಾಧನ ಇರುವ ಲಿಫ್ಟಿನಲ್ಲಿ ಮೇನ್ ಆಫ್ ಮಾಡಿದರೆ ಅದು ಕರೆಂಟ್ ಹೋಯಿತೆಂದೇ ತಿಳಿದು ಬ್ಯಾಟರಿಯಿಂದ ಮೋಟರ್ ತಿರುಗಿಸಲು ಶುರುಮಾಡಬಹುದು. ನಿಮ್ಮ ಕೈ ವೀಲ್ ಮೇಲಿರುತ್ತದೆ! ಎಆರ್‌ಡಿಯ ಸ್ವಿಚ್ಚನ್ನೂ ಮೊದಲೇ ಆಫ್ ಮಾಡಬೇಕು.

ಇನ್ನೊಂದು, ಲಿಫ್ಟ್ ಯಾವ ಕಡೆ ಹೋಗುತ್ತದೆ ಎಂಬುದು. ಹೆಚ್ಚಿನವರು ಬ್ರೇಕ್ ಬಿಟ್ಟರೆ ಕೆಳಗಿಳಿಯುತ್ತದೆ ಅಂದುಕೊಂಡಿದ್ದಾರೆ. ಹಗ್ಗದ ಇನ್ನೊಂದು ತುದಿಯಲ್ಲಿ ಕ್ಯಾಬಿನ್ನಿಗೆ ಸಮತೂಕವಾಗಿ ಕೌಂಟರ್‌ವೇಟ್ ತೂಗುತ್ತಿರುತ್ತದೆ. ಅದರ ತೂಕ ಅಂದರೆ ಖಾಲಿ ಕ್ಯಾಬಿನ್ ತೂಕ, ಅದರ ಮೇಲೆ ಪೂರ್ತಿ ಲೋಡಿನ 40ರಿಂದ 50 ಶೇಕಡಾ. 544 ಕೆಜಿಗೆ ಅರ್ಧ 272, ತಲೆಗೆ 68 ಕೆಜಿಯಂತೆ ನಾಲ್ಕು ಜನ. ಒಳಗೆ ಒಬ್ಬರೋ ಇಬ್ಬರೋ ಇದ್ದರೆ ಲಿಫ್ಟ್ ಮೇಲಕ್ಕೇ ಹೋಗುತ್ತದೆ. ಅದನ್ನು ಬಲವಂತವಾಗಿ ಕೆಳಗೆ ಸುತ್ತಬೇಡಿ, ಮೇಲಿನ ಮಹಡಿಗೇ ಬಿಡಿ. ನಾಲ್ಕು ಜನ ಇದ್ದರೆ ಎರಡೂ ಕಡೆ ತೂಕ ಸಮವಾಗಿ ಬ್ರೇಕ್ ಬಿಟ್ಟರೂ ಅಲ್ಲಾಡದೇ ಇರಬಹುದು. ಆಗ ಮಾತ್ರ ವೀಲ್ ತಿರುಗಿಸಬೇಕು. ಕ್ಯಾಬಿನ್ ಕೆಳಗಿನ ಕಡೆಗೆ ಬಿಗಿಯಾಗಿ ಸಿಕ್ಕಿಕೊಂಡಂತಿದ್ದರೆ ಸೇಫ್ಟಿ ಗೇರ್ ಕಚ್ಚಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಟೆಕ್ನಿಷಿಯನ್ ಬರಲಿ.

ಗೈಡ್ ರೈಲ್: ಮಷಿನ್ ರೂಮ್ ಇಲ್ಲದ ಲಿಫ್ಟುಗಳಿಗೆ ಈ ವೀಲ್ ವಿದ್ಯೆ ನಡೆಯದು. ಸಾಮಾನ್ಯವಾಗಿ ಮೇಲಿನ ಮಹಡಿಯ ಪ್ಯಾನೆಲ್ಲಿನಲ್ಲಿ ಬ್ರೇಕ್ ಬಿಡಿಸುವ ವ್ಯವಸ್ಥೆ ಇರುತ್ತದೆ, ತೂಕ ಸಮವಾಗಿದ್ದರೆ ಕ್ಯಾಬಿನ್ ಮಿಸುಕುವುದಿಲ್ಲ. ಓದುವವರು ಅದನ್ನೂ ಗಮನಿಸಿ.

ನನ್ನ ಪ್ರಶ್ನೆ ಬೇರೆ. ಎಆರ್‌ಡಿ ಇದ್ದೂ ಲಿಫ್ಟ್ ನಡುವೆ ಯಾಕೆ ನಿಲ್ಲುತ್ತದೆ? ಒಂದು, ಬ್ಯಾಟರಿ ಸತ್ತಿರುತ್ತದೆ. ಎರಡು, ಬಾಗಿಲಿನ ಲಾಕ್ ಕಾಂಟ್ಯಾಕ್ಟಿನಲ್ಲಿ ಧೂಳು. ಎಲ್ಲ ಬಾಗಿಲೂ ಮುಚ್ಚಿ ಲಾಕ್ ಆಗಿದೆಯಾ ಎಂದು ನೋಡುವ ಸೇಫ್ಟಿ ಸರ್ಕ್ಯೂಟ್ ಪೂರ್ತಿಯಾಗದಿದ್ದರೆ ಎಆರ್‌ಡಿ ಕೂಡ ಲಿಫ್ಟನ್ನು ಸರಿಸುವುದಿಲ್ಲ, ಸರಿಸಲೂ ಬಾರದು. ಹೊಸ್ತಿಲ ಸಾಲಿನಲ್ಲಿ ಜಲ್ಲಿ, ಟೈಲ್ಸ್ ಕೆಲಸದ ಸಿಮೆಂಟು ಕೂತು ಬಾಗಿಲು ಪೂರ್ತಿ ಮುಚ್ಚದಿರುವುದು ಅತಿ ಸಾಮಾನ್ಯ. ವಾಚ್‌ಮನ್‌ಗೆ ಕೀಲಿಗಿಂತ ಮೊದಲು ಒಂದು ಬ್ರಷ್ ಕೊಡಿ, ದಿನಾ ಆ ಸಾಲು ಗುಡಿಸಲಿ. ತಿಂಗಳಿಗೊಮ್ಮೆ ಸರ್ವೀಸಿಗೆ ಬಂದವರ ಕೈಲಿ ಖಾಲಿ ಲಿಫ್ಟ್ ಓಡುತ್ತಿರುವಾಗ ಕರೆಂಟ್ ತೆಗೆಸಿ, ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯುತ್ತದಾ ನೋಡಿ. ಮಳೆಗಾಲದಲ್ಲಿ ಪಿಟ್ ಕೂಡ ನೋಡಿಸಿ. ಗವರ್ನರ್ ಹಗ್ಗವನ್ನು ಬಿಗಿಹಿಡಿಯುವ ತೂಕ ಅಲ್ಲೇ ಇರುವುದು, ನೀರು ನಿಂತರೆ ಹಗ್ಗಕ್ಕೆ ತುಕ್ಕು.

ವೈರ್‌ಮನ್ ಹಾಸನ: ಎಆರ್‌ಡಿ ವಿಷಯ ನಾನು ಬರೆಯದೆ ಬಿಟ್ಟದ್ದು ತಪ್ಪು, ಒಪ್ಪುತ್ತೇನೆ. ಆದರೆ ಯಾರೂ ಮುಟ್ಟಬಾರದು ಎಂಬುದನ್ನು ಒಪ್ಪಲಾರೆ. ನಿರ್ವಹಣೆ ಮಾಡುವ ಕಂಪನಿಯಿಂದಲೇ ಇಬ್ಬರಿಗೆ ತರಬೇತಿ ಕೊಡಿಸಿ, ಆರು ತಿಂಗಳಿಗೊಮ್ಮೆ ಅವರೆದುರೇ ಮಾಡಿಸಿ.

ಶೀವ್: ಹಾಗಾದರೆ ನನ್ನದೂ ಒಪ್ಪಿಗೆ. ಒಬ್ಬನೇ ಇರುವ ರಾತ್ರಿ ಪಾಳಿಯಲ್ಲಿ ಮಾತ್ರ ಬೇಡ.

ಮೂರನೇ ಮಹಡಿ: ಹಾಗಾದರೆ ಕೀಲಿ ಎಲ್ಲಿಡೋದು? ಈಗ ಗೇಟಿನ ಹತ್ತಿರ ಮೊಳೆಗೆ ನೇತುಹಾಕಿದ್ದಾರೆ.

ಶೀವ್: ಇವತ್ತೇ ತೆಗೆಯಿರಿ. ಲಿಫ್ಟ್ ಬೇರೆ ಮಹಡಿಯಲ್ಲಿದ್ದಾಗಲೂ ಅದರಿಂದ ಹೊರಬಾಗಿಲು ತೆರೆಯುತ್ತದೆ, ಯಾವುದಾದರೂ ಮಗು ಶಾಫ್ಟಿನೊಳಕ್ಕೆ ಕಾಲಿಡಬಹುದು. ಮಷಿನ್ ರೂಮಿನ ಒಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಕೀಲಿ ಹಾಕುವ ಮುಂಚೆ ಲಿಫ್ಟಿನ ನೆಲ ಮಹಡಿಯಿಂದ ಒಂದಡಿಯ ಒಳಗಿದೆ ಎಂದು ಗುರುತಿನಿಂದ ಖಾತ್ರಿ ಮಾಡಿಕೊಳ್ಳಬೇಕು. ಬಾಗಿಲು ತೆಗೆಯುವಾಗ ಮೊದಲು ಅಂಗೈ ಅಗಲದಷ್ಟೇ ಸರಿಸಿ, ಟಾರ್ಚ್ ಬಿಟ್ಟು ನೆಲ ಕಂಡ ಮೇಲೆ ಪೂರ್ತಿ. ಜನ ಇಳಿದ ಮೇಲೆ ಬಾಗಿಲು ಮತ್ತೆ ಲಾಕ್ ಆಯಿತಾ ಎಂದು ಕೈಯಿಂದ ಎಳೆದು ನೋಡಬೇಕು. ಟೆಕ್ನಿಷಿಯನ್ ಬಂದು ನೋಡುವವರೆಗೆ ಮೇನ್ ಆಫ್‌ನಲ್ಲೇ ಇರಲಿ.