ಜಿಂಕೆ ಬೇಟೆಗೆ .308ರಲ್ಲಿ ತಾಮ್ರದ ಬುಲೆಟ್: ಎಷ್ಟು ಗ್ರೇನ್?

ಕೊಡಗಿನವ:
ನೆವಾಡಾದಿಂದ ಕ್ಯಾಲಿಫೋರ್ನಿಯಾಗೆ ಮನೆ ಬದಲಾಯಿಸಿದ್ದೇನೆ. ನನ್ನ .308 ವಿಂಚೆಸ್ಟರ್ ರೈಫಲ್‌ಗೆ ತೋಟಾ ನಾನೇ ತುಂಬಿಕೊಳ್ಳುತ್ತೇನೆ. ಇದುವರೆಗೆ ಬಳಸಿದ್ದು 165 ಗ್ರೇನ್ (ಬುಲೆಟ್ ತೂಕದ ಅಳತೆ) ನಾಸ್ಲರ್ ಪಾರ್ಟಿಷನ್, ಒಳಗೆ ಸೀಸ ಇರುವ ಬುಲೆಟ್. ಇಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಬುಲೆಟ್ ಪೂರ್ತಿ ಬಂದ್. ಉಳಿದ ಡಬ್ಬಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಾಮ್ರದಲ್ಲೂ 165 ತಗೊಳ್ಳಲಾ? 200 ಗಜದೊಳಗಿನ ಬೇಟೆ.

ಗುಡ್ಡದ ಗೌಡ:
150ಕ್ಕೆ ಇಳಿಯಿರಿ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕಕ್ಕೆ ಬುಲೆಟ್ ಉದ್ದವಾಗುತ್ತದೆ, ತೋಟಾದ ಕೇಸಿನೊಳಗೆ (ಹಿತ್ತಾಳೆ ಕೊಳವೆ) ಸಿಡಿಮದ್ದಿನ ಜಾಗ ತಿನ್ನುತ್ತದೆ. ಇನ್ನೊಂದು, ತಾಮ್ರದ ತುದಿ ಅರಳಬೇಕಾದರೆ ವೇಗ ಬೇಕು. ಹಗುರದ್ದು ಜಾಸ್ತಿ ವೇಗದಲ್ಲಿ ಹೋಗುತ್ತದೆ. ತೂಕ ಕಮ್ಮಿ ಅಂತ ಚಿಂತೆ ಬೇಡ, ಇದು ಸೀಸದ ಹಾಗೆ ಚೂರಾಗುವುದಿಲ್ಲ. ನಾನು ಬಾರ್ನ್ಸ್ ಕಂಪನಿಯ ಟಿಟಿಎಸ್‌ಎಕ್ಸ್ ತಾಮ್ರದ ಬುಲೆಟ್ ಬಳಸುತ್ತೇನೆ, ಭುಜಕ್ಕೇ ಗುರಿ ಇಡುತ್ತೇನೆ. ಮಾಂಸ ಸ್ವಲ್ಪ ಹಾಳು, ಆದರೆ ಜಿಂಕೆ ದೂರ ಓಡುವುದಿಲ್ಲ.

ಹಳೇ ಮದ್ದಿನ ಅಳತೆಯನ್ನೇ ಹಾಕಬೇಡಿ ಮಾರಾಯ್ರೆ! ಆ ಬುಲೆಟ್‌ಗೆ ಕಂಪನಿ ಕೊಟ್ಟ ಪಟ್ಟಿ ನೋಡಿ, ಅದರ ಕನಿಷ್ಠ ಅಳತೆಯಿಂದ ಶುರು ಮಾಡಿ.

ಸುಮ್ನೆ ಕೇಳ್ದೆ:
ಸೀಸ ಬಂದ್ ಮಾಡಿದ್ದು ಬರೀ ರಾಜಕೀಯ ಅಲ್ವಾ?

ಗುಡ್ಡದ ಗೌಡ:
ಅಲ್ಲ. ಬೇಟೆಯಾದ ಪ್ರಾಣಿಯ ಕರುಳನ್ನು ಕಾಡಲ್ಲೇ ಬಿಟ್ಟುಬಂದರೆ ಅದರಲ್ಲಿ ಸೀಸದ ಚೂರು ಇರುತ್ತದೆ. ಅದನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತವೆ. ನಾವು ತಿನ್ನುವ ಮಾಂಸದಲ್ಲೂ ಚೂರು ಉಳಿಯಬಹುದು.

ಕೊಡಗಿನವ:
ಸರಿ ಗೌಡ್ರೆ, 150 ಒಂದು ಡಬ್ಬಿ ತರುತ್ತೇನೆ. ಪಾರ್ಟಿಷನ್ ಏನು ಮಾಡಲಿ?

ಗುಡ್ಡದ ಗೌಡ:
ಇಟ್ಟುಕೊಳ್ಳಿ. ನೆವಾಡಾಗೆ ಬೇಟೆಗೆ ಹೋದಾಗ ಆಗುತ್ತದೆ.